ಹೊಡೆಯದೇ ಉಳಿದ ಹೀಟ್ ನಂಬರ್: ಹೊಸೂರಿನ ಒಂದು ಡಿಫೆನ್ಸ್ ಆರ್ಡರಿನ ಪ್ರಕರಣ

ಸೇನೆಯ ಭಾರಿ ವಾಹನವೊಂದರ ಅಡಿಯಲ್ಲಿ ಎರಡು ಭಾಗಗಳನ್ನು ಜೋಡಿಸಿ ಹಿಡಿಯುವ ಸ್ಟೀಲ್ ಪಿನ್ ಇರುತ್ತದೆ. ಹೊಸೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅದನ್ನು ಮಾಡುತ್ತಿದ್ದರು. ಆ ಪಿನ್ನಿಗೆ ಯಾವ ಸ್ಟೀಲ್ ಹಾಕಬೇಕು, ಅದರ ಮೇಲೆ ಯಾವ ನಂಬರ್ ಹೊಡೆಯಬೇಕು ಅನ್ನುವುದರ ಮೇಲೆ ನಡೆದ ಜಗ್ಗಾಟವೇ ಈ ಪ್ರಕರಣ.

ನಾನು ಹೊಸೂರಿನಲ್ಲಿ ಇಂಥ ಶೆಡ್‌ಗಳ ಬಿಲ್ಲು, ಜಿಎಸ್‌ಟಿ, ಟೆಂಡರ್ ಕಾಗದ ನೋಡಿಕೊಳ್ಳುತ್ತೇನೆ. ಈ ವರ್ಕ್‌ಶಾಪಿನ ಲೆಕ್ಕವೂ ನನ್ನ ಕೈಲೇ ಇದೆ. ಮಾಲೀಕರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲಿಲ್ಲ. ವಾಹನ ಯಾವುದು, ಪಿನ್ನಿನ ಅಳತೆ ಎಷ್ಟು ಅನ್ನುವುದನ್ನೂ ಬಿಟ್ಟಿದ್ದೇನೆ. ಅದು ನಿಜವಾಗಿಯೂ ಗುಟ್ಟಾಗಿ ಇರಬೇಕಾದ ವಿಷಯ.

ಅತ್ತಿಬೆಲೆ ದಾಟಿದರೆ ತಮಿಳುನಾಡು. ಆದರೆ ತಳಿ, ದೇಂಕಣಿಕೋಟೆ, ಬಾಗಲೂರು ಕಡೆಯಿಂದ ಬೆಳಿಗ್ಗೆ ಶಿಫ್ಟಿಗೆ ಬರುವವರಲ್ಲಿ ಬಹಳ ಜನ ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವವರು. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳ ಬೆನ್ನಿಗೆ ನೂರಾರು ಸಣ್ಣ ಶೆಡ್‌ಗಳು ಎದ್ದವು. ನಮ್ಮ ಮಾಲೀಕರು ತಳಿ ಕಡೆಯ ರೈತರ ಮನೆಯವರು. ಐಟಿಐ ಓದಿ, ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು, ಆಮೇಲೆ ಬ್ಯಾಂಕ್ ಸಾಲ ತೆಗೆದು ಕಂಪ್ಯೂಟರಿನಿಂದ ನಡೆಯುವ ಸ್ವಂತ ಸಿಎನ್‌ಸಿ ಮೆಷೀನು ಹಾಕಿದರು. ಮೊದಲು ಬರೀ ಗಾಡಿಗಳ ಬಿಡಿಭಾಗ ಮಾಡುತ್ತಿದ್ದರು. 2019ರ ಜನವರಿಯಲ್ಲಿ ತಮಿಳುನಾಡು ರಕ್ಷಣಾ ಕೈಗಾರಿಕಾ ಕಾರಿಡಾರ್ ಶುರುವಾಯಿತು. ಚೆನ್ನೈ, ಕೊಯಮತ್ತೂರು, ಸೇಲಂ, ತಿರುಚ್ಚಿ ಜೊತೆಗೆ ಹೊಸೂರೂ ಅದರ ಒಂದು ಕೇಂದ್ರ. ಅಲ್ಲಿಂದ ಈಚೆಗೆ ಇಲ್ಲಿನ ಟೀ ಅಂಗಡಿಗಳಲ್ಲೂ ಡಿಫೆನ್ಸ್ ಆರ್ಡರಿನ ಮಾತು ಜಾಸ್ತಿಯಾಯಿತು.

ಈ ಪಿನ್ನಿನ ಆರ್ಡರ್ ಶೆಡ್ಡಿಗೆ ಬಂದ ದಾರಿ ಹೀಗಿತ್ತು. ಸೇನೆಗೆ ವಾಹನ ಕೊಡುವುದು ಒಂದು ಸರ್ಕಾರಿ ರಕ್ಷಣಾ ಉದ್ಯಮ. ಅದು ಒಂದಿಷ್ಟು ಭಾಗಗಳನ್ನು ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಕೊಟ್ಟಿತು. ಆ ಕಂಪನಿ ಟೆಂಡರ್ ಹಾಕಿ, ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದ ಎಲ್1 ಆಗಿ, ಆರ್ಡರ್ ಗೆದ್ದಿತು. ಗೆದ್ದ ಮೇಲೆ ಪಿನ್ನಿನ ಕೆಲಸವನ್ನು ಹೊಸೂರಿಗೆ ದಾಟಿಸಿತು. ಪಿನ್ ಮಾಡುವವರು ಇಲ್ಲಿದ್ದಾರೆ ಅನ್ನುವುದು ಸರ್ಕಾರಿ ಉದ್ಯಮದ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಈ ಮಾತು ನೆನಪಿರಲಿ. ಮುಂದೆ ಆಗಿದ್ದೆಲ್ಲ ಇದರ ಸುತ್ತಲೇ ಆಗಿದೆ.

ಫೋನ್ ಕರೆ

ಡ್ರಾಯಿಂಗ್‌ನಲ್ಲಿ ಹೇಳಿದ್ದು ಇಎನ್ 24 ಸ್ಟೀಲ್. ಅದರಲ್ಲಿ ಸುಮಾರು ಶೇಕಡಾ ಒಂದೂವರೆಯಷ್ಟು ನಿಕ್ಕಲ್ ಇರುತ್ತದೆ. ಆ ನಿಕ್ಕಲ್ ಇರುವುದರಿಂದಲೇ ದಪ್ಪ ಭಾಗದಲ್ಲೂ ಸ್ಟೀಲ್ ಒಳಗಿನವರೆಗೆ ಸರಿಯಾಗಿ ಗಟ್ಟಿಯಾಗುತ್ತದೆ. ಕೊರೆಯುವ ಚಳಿಯಲ್ಲಿ ಹೊಡೆತ ಬಿದ್ದರೂ ತಾಳಿಕೊಳ್ಳುತ್ತದೆ. ಇಎನ್ 19 ಅಂತ ಇನ್ನೊಂದು ಸ್ಟೀಲ್ ಇದೆ. ಅದೂ ಒಳ್ಳೆಯದೇ. ಆದರೆ ಅದಕ್ಕೆ ನಿಕ್ಕಲ್ ಸೇರಿಸಿರುವುದಿಲ್ಲ, ಬೆಲೆಯೂ ಕಡಿಮೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಕಾಯಿಸಿ ತಣಿಸುವ ಹೀಟ್ ಟ್ರೀಟ್‌ಮೆಂಟ್ ಮಾಡಿ ಎರಡಕ್ಕೂ ಒಂದೇ ಹಾರ್ಡ್‌ನೆಸ್ (ಗಡಸುತನ) ಬರಿಸಬಹುದು. ಬರೀ ಹಾರ್ಡ್‌ನೆಸ್ ನೋಡಿ ಪಾಸ್ ಮಾಡುವವರಿಗೆ ಎರಡೂ ಒಂದೇ.

ಹಾಗಾಗಿಯೇ ಕಾಗದ ಬೇಕಾಗುವುದು. ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಸ್ಟೀಲಿಗೆ ಒಂದು ಹೀಟ್ ನಂಬರ್. ಅದನ್ನು ಬಾರಿನ, ಅಂದರೆ ಸ್ಟೀಲ್ ಸರಳಿನ, ತುದಿಯಲ್ಲಿ ಹೊಡೆದಿರುತ್ತಾರೆ. ಅದೇ ನಂಬರ್ ಮಿಲ್ಲಿನವರ ಟೆಸ್ಟ್ ಸರ್ಟಿಫಿಕೇಟಿನಲ್ಲೂ ಇರುತ್ತದೆ. ನಾವೆಲ್ಲ ಟಿಸಿ ಅನ್ನುವುದು ಇದನ್ನೇ. ಬಾರ್ ಕತ್ತರಿಸಿದಾಗ ನಂಬರನ್ನು ತುಂಡಿಗೆ ದಾಟಿಸುತ್ತಾರೆ, ಕೊನೆಗೆ ಪಿನ್ನಿನ ಮೇಲೂ ಹೊಡೆಯುತ್ತಾರೆ. ನಾಳೆ ಎಲ್ಲೋ ಒಂದು ಪಿನ್ ಮುರಿದರೆ, ಆ ನಂಬರ್ ಹಿಡಿದು ಕುಲುಮೆಯವರೆಗೂ ಹಿಂದಕ್ಕೆ ಹೋಗಬಹುದು.

ಆ ಅಳತೆಯ ಇಎನ್ 24 ಬಾರ್ ಆಗ ಡೀಲರ್ ಹತ್ತಿರ ಇರಲಿಲ್ಲ. ಮಿಲ್ಲಿನಿಂದ ಬರಲು ಕೆಲವು ವಾರ ಬೇಕಿತ್ತು. ಡೆಲಿವರಿ ದಿನ ಹತ್ತಿರ ಬಂದಿತ್ತು. ಆಗ ಬೆಂಗಳೂರಿನ ಕಂಪನಿಯ ಪರ್ಚೇಸ್‌ನವರು ಫೋನ್ ಮಾಡಿದರು. ಮಾಲೀಕರು ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಸಾರ್, ಇಎನ್ 24 ಸಿಗ್ತಾ ಇಲ್ಲ ಅಂತ ಸುಮ್ನೆ ಕೂರ್ಬೇಡಿ. ನಾವೇ ಬಾರ್ ಕಳಿಸ್ತೀವಿ, ಇಎನ್ 19. ಹಾರ್ಡ್‌ನೆಸ್ ಬಂದ್ರೆ ಸಾಕು. ಟಿಸಿ ವಾಟ್ಸಾಪ್ ಮಾಡ್ತೀನಿ, ಅದರಲ್ಲಿರೋ ಹೀಟ್ ನಂಬರ್ ಹೊಡೆದುಬಿಡಿ."

"ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕಿಬಿದ್ರೆ ಏನ್ ಸಾರ್ ಮಾಡೋದು?"

"ಅದನ್ನ ನಮಗೆ ಬಿಡಿ. ಪ್ರತಿ ಬಿಲ್ಲಲ್ಲೂ ಕಟ್ ಮಾಡ್ತಿರೋದು ಅದಕ್ಕೇ ಅಲ್ವಾ?"

ಆ ಕಟ್ ನನಗೆ ಗೊತ್ತಿದ್ದದ್ದೇ. ಪ್ರತಿ ಬಿಲ್ಲಿಗೂ ಅವರಿಂದ ಒಂದು ಸಣ್ಣ ಡೆಬಿಟ್ ನೋಟ್, ಅಂದರೆ ಇಷ್ಟು ದುಡ್ಡು ಹಿಡಿದಿದ್ದೇವೆ ಅನ್ನುವ ಚೀಟಿ, ಬರುತ್ತಿತ್ತು. ಮೇಲೆ "ಇನ್‌ಸ್ಪೆಕ್ಷನ್ ಮತ್ತು ಹ್ಯಾಂಡ್ಲಿಂಗ್" ಅಂತ ಬರೆದಿರುತ್ತಿತ್ತು. ಏನು ಇನ್‌ಸ್ಪೆಕ್ಷನ್, ಯಾರಿಗೆ ಹ್ಯಾಂಡ್ಲಿಂಗ್ ಅಂತ ಕೇಳಿದರೆ "ಎಲ್ಲರಿಗೂ ಹೀಗೇ" ಅನ್ನುತ್ತಿದ್ದರು. ಒಂದು ಮಾತು ಇಲ್ಲಿ ನ್ಯಾಯವಾಗಿ ಹೇಳಬೇಕು. ಆ ದುಡ್ಡಿನಲ್ಲಿ ಒಂದು ರೂಪಾಯಿಯಾದರೂ ಯಾವುದಾದರೂ ಇನ್‌ಸ್ಪೆಕ್ಟರ್ ಕೈಗೆ ಹೋಗಿದೆ ಅನ್ನಲು ನಮ್ಮಲ್ಲಿ ಪುರಾವೆ ಇಲ್ಲ. ಪೂರ್ತಿ ಕಂಪನಿಯವರೇ ಇಟ್ಟುಕೊಂಡಿರಬಹುದು. ಶೆಡ್ಡಿನವರು ಇನ್‌ಸ್ಪೆಕ್ಟರ್ ಮುಖ ನೋಡಿದವರಲ್ಲ, ಇನ್‌ಸ್ಪೆಕ್ಟರ್‌ಗೆ ಶೆಡ್ ಇರುವುದೇ ಗೊತ್ತಿಲ್ಲ. ನಡುವೆ ನಿಂತವರು ಒಬ್ಬರ ಹೆಸರು ಹೇಳಿ ಇನ್ನೊಬ್ಬರಿಂದ ದುಡ್ಡು ಎತ್ತಬಹುದು. ಪ್ರಾಮಾಣಿಕ ಅಧಿಕಾರಿಯ ಹೆಸರೂ ಹೀಗೇ ಕೆಡುತ್ತದೆ, ಅವರಿಗೆ ಗೊತ್ತೇ ಆಗದ ಹಾಗೆ.

ಯಾಕೆ "ಹೂಂ" ಅಂದುಬಿಡುತ್ತಾರೆ

ದೂರದಿಂದ ನೋಡುವವರಿಗೆ ಇದು ಸುಲಭದ ಪ್ರಶ್ನೆ. ತಪ್ಪು ಅಂತ ಗೊತ್ತಿದ್ದರೆ ಆಗಲ್ಲ ಅನ್ನಬೇಕು, ಮುಗೀತು. ಲೆಕ್ಕದ ಪುಸ್ತಕ ತೆರೆದು ನೋಡಿದರೆ ಅಷ್ಟು ಸುಲಭ ಅಲ್ಲ ಅಂತ ಗೊತ್ತಾಗುತ್ತದೆ.

ಆ ಹೊತ್ತಿಗೆ ಅದೇ ಕಂಪನಿಯಿಂದ ಹಿಂದಿನ ಮೂರು ಬಿಲ್ಲಿನ ದುಡ್ಡು ಬರಬೇಕಿತ್ತು. ಕಾನೂನಿನ ಪ್ರಕಾರ ಸಣ್ಣ ಉದ್ದಿಮೆಗೆ ಗರಿಷ್ಠ 45 ದಿನದೊಳಗೆ ದುಡ್ಡು ಕೊಡಬೇಕು. 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ ಇದು ಇದೆ. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಕಾಗದದ ಮೇಲೆ ಇಷ್ಟು ಗಟ್ಟಿ ಕಾನೂನು. ಆದರೆ ಮುಂದಿನ ಆರ್ಡರ್ ಯಾರ ಕೈಯಲ್ಲಿದೆಯೋ ಅವರ ಮೇಲೆ ಬಡ್ಡಿ ಕೇಳಿ ಕೇಸ್ ಹಾಕುವ ಧೈರ್ಯ ಎಷ್ಟು ಜನಕ್ಕೆ ಇದೆ? ಬ್ಯಾಂಕಿನವರು ಮಾತ್ರ ಕಾಯುವುದಿಲ್ಲ. ಸಿಎನ್‌ಸಿ ಕಂತು ತಿಂಗಳಿಗೆ ಸರಿಯಾಗಿ ಕಟ್ಟಬೇಕು. ಹುಡುಗರಿಗೆ ಸಂಬಳ ಕೊಡಬೇಕು. ಕರೆಂಟ್ ಬಿಲ್ಲು ಬೇರೆ.

ಜೊತೆಗೆ ತಡವಾದದ್ದಕ್ಕೆ ದಂಡ. ಇಂಥ ಆರ್ಡರುಗಳಲ್ಲಿ ವಾರಕ್ಕೆ ಅರ್ಧ ಪರ್ಸೆಂಟ್ ಹಾಗೆ ಎಲ್‌ಡಿ ಅನ್ನುವ ಈ ದಂಡ ಹಿಡಿಯುವುದು ಸಾಮಾನ್ಯ. ಸರ್ಕಾರಿ ಉದ್ಯಮ ಅದನ್ನು ಕಂಪನಿಯ ಮೇಲೆ ಹಾಕಿದರೆ, ಕಂಪನಿ ಹೊಸೂರಿನ ಮೇಲೆ ಜಾರಿಸುತ್ತದೆ. ಬಾರ್ ಸಿಗದಿದ್ದದ್ದು ಯಾರ ತಪ್ಪೂ ಅಲ್ಲದಿದ್ದರೂ ದಂಡ ಮಾತ್ರ ಕಡೆಯವರಿಗೇ.

ಒಬ್ಬ ಮನುಷ್ಯನ ಹಳೇ ದುಡ್ಡು ನಿಮ್ಮ ಕೈಯಲ್ಲಿದೆ, ಮುಂದಿನ ಕೆಲಸವೂ ನಿಮ್ಮ ಕೈಯಲ್ಲಿದೆ, ತಡವಾದರೆ ದಂಡ ಹಾಕುವವರೂ ನೀವೇ. ಇಷ್ಟಿದ್ದರೆ ಅವನಿಂದ ತಪ್ಪು ಮಾಡಿಸಲು ಲಂಚ ಕೊಡಬೇಕಾದ್ದೇ ಇಲ್ಲ. ಬಾಕಿಯೇ ಸಾಕು. ರಕ್ಷಣಾ ಖರೀದಿಯ ಭ್ರಷ್ಟಾಚಾರದ ಬಗ್ಗೆ ಇಷ್ಟೆಲ್ಲ ಚರ್ಚೆ ಆಗುತ್ತದೆ. ಸಕಾಲಕ್ಕೆ ದುಡ್ಡು ಬರುವುದೂ ಭ್ರಷ್ಟಾಚಾರ ತಡೆಯುವ ಒಂದು ಉಪಾಯ ಅಂತ ಯಾರೂ ಹೇಳುವುದಿಲ್ಲ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ಮೇಲಿನ ಬೆಳಕು ಎಲ್ಲಿಯವರೆಗೆ ಬರುತ್ತದೆ

ನಮ್ಮ ದೇಶದಲ್ಲಿ ರಕ್ಷಣಾ ಖರೀದಿಯ ನಿಯಮಗಳು ಬಿಗಿಯಾಗಿದ್ದು ದೊಡ್ಡ ಹಗರಣಗಳಿಂದ. 1986ರ ಮಾರ್ಚಿನಲ್ಲಿ 410 ಬೋಫೋರ್ಸ್ ತೋಪುಗಳಿಗೆ ಸುಮಾರು 1,437 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಮರುವರ್ಷ ಏಪ್ರಿಲಿನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಹೊರಗೆಡವಿತು. ಆಗ ಕೂತ ಜಂಟಿ ಸಂಸದೀಯ ಸಮಿತಿಗೆ ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ ಅವರೇ ಅಧ್ಯಕ್ಷರು. ಕೇಸು ಎರಡು ದಶಕಕ್ಕೂ ಮಿಕ್ಕಿ ಕೋರ್ಟಿನಲ್ಲಿ ಎಳೆಯಿತು. ತೋಪು ಮಾತ್ರ 1999ರಲ್ಲಿ ಕಾರ್ಗಿಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಆ ಹೆದರಿಕೆಯಲ್ಲಿ ಹೊಸ ತೋಪು ಕೊಳ್ಳುವ ಕೆಲಸವೇ ನಿಂತ ಹಾಗಾಯಿತು. ಅಮೆರಿಕದ ಎಂ777 ತೋಪಿಗೆ ಸಹಿ ಬಿದ್ದದ್ದು 2016ರ ನವೆಂಬರಿನಲ್ಲಿ. ನಡುವೆ ಮೂವತ್ತು ವರ್ಷ ಹೋಯಿತು. ಲಂಚದಿಂದ ಆಗುವ ನಷ್ಟದಲ್ಲಿ ಈ ಕಾಯುವಿಕೆಯನ್ನೂ ಸೇರಿಸಬೇಕು.

ಈ ಅನುಭವದಿಂದಲೇ ಖರೀದಿಗೆ ಲಿಖಿತ ಕ್ರಮಗಳು ಬಂದವು. 2002ರಲ್ಲಿ ಡಿಪಿಪಿ ಅನ್ನುವ ರಕ್ಷಣಾ ಖರೀದಿ ವಿಧಾನ, ಅದರ ಮೇಲೆ ಹಲವು ತಿದ್ದುಪಡಿ, ಆಮೇಲೆ ಅದರ ಜಾಗಕ್ಕೆ 2020ರ ಡಿಎಪಿ. ದೊಡ್ಡ ಒಪ್ಪಂದಗಳಿಗೆ ಇಂಟೆಗ್ರಿಟಿ ಪ್ಯಾಕ್ಟ್ ಅಂತ ಒಂದು ಕರಾರು ಇದೆ. ಲಂಚ ಕೊಡುವುದಿಲ್ಲ, ದಲ್ಲಾಳಿ ಇಡುವುದಿಲ್ಲ, ಕೊಟ್ಟದ್ದು ಗೊತ್ತಾದರೆ ಒಪ್ಪಂದ ರದ್ದು, ಠೇವಣಿ ಮುಟ್ಟುಗೋಲು ಅಂತ ಕಂಪನಿ ಮೊದಲೇ ಬರೆದುಕೊಡಬೇಕು. ಅದನ್ನು ನೋಡಿಕೊಳ್ಳಲು ಹೊರಗಿನ ಮಾನಿಟರುಗಳು ಇರುತ್ತಾರೆ. ಇದು ಬರೀ ಕಾಗದ ಅಲ್ಲ. 12 ವಿವಿಐಪಿ ಹೆಲಿಕಾಪ್ಟರ್ ಕೊಳ್ಳುವ ಅಗಸ್ಟಾವೆಸ್ಟ್‌ಲ್ಯಾಂಡ್ ಒಪ್ಪಂದವನ್ನು 2014ರ ಜನವರಿ 1ರಂದು ರದ್ದು ಮಾಡಿದ್ದು ಈ ಕರಾರನ್ನು ಮುರಿದರು ಅನ್ನುವ ಕಾರಣಕ್ಕೇ. ಹೆಲಿಕಾಪ್ಟರ್ ಹಾರಬೇಕಾದ ಎತ್ತರವನ್ನು 6,000 ಮೀಟರಿನಿಂದ 4,500ಕ್ಕೆ ಇಳಿಸಿದ್ದು ಒಂದು ಕಂಪನಿಗೆ ಅನುಕೂಲ ಆಗಲಿ ಅಂತ, ಅನ್ನುವುದು ಸಿಬಿಐ ಆರೋಪ. ಒಂದು ಅಂಕೆ ಬದಲಾದರೆ ಯಾರು ಸ್ಪರ್ಧೆಗೆ ಬರಬಹುದು ಅನ್ನುವುದೇ ಬದಲಾಗುತ್ತದೆ, ನೋಡಿ.

ಇದೆಲ್ಲ ಸರಿ. ಆದರೆ ಈ ಕರಾರಿಗೆ ಸಹಿ ಹಾಕುವುದು ಯಾರು? ಸರ್ಕಾರದ ಜೊತೆ ನೇರ ಒಪ್ಪಂದ ಮಾಡಿಕೊಂಡವರು. ಅವರ ಕೆಳಗೆ ಕಂಪನಿ, ಅದರ ಕೆಳಗೆ ಹೊಸೂರಿನ ಶೆಡ್. ನಮ್ಮ ಮಾಲೀಕರಿಗೆ ಇಂಟೆಗ್ರಿಟಿ ಪ್ಯಾಕ್ಟ್ ಅನ್ನುವ ಹೆಸರೇ ಗೊತ್ತಿರಲಿಲ್ಲ. ಟೆಂಡರ್ ಯಾರಿಗೆ ಸಿಕ್ಕಿತು ಅನ್ನುವುದು ಕೇಂದ್ರ ಸರ್ಕಾರದ ಪೋರ್ಟಲ್‌ಗಳಲ್ಲಿ ಪ್ರಕಟವಾಗುತ್ತದೆ. ಗೆದ್ದವರು ಅದನ್ನು ಯಾರಿಗೆ ದಾಟಿಸಿದರು ಅನ್ನುವುದು ಎಲ್ಲೂ ಪ್ರಕಟವಾಗುವುದಿಲ್ಲ.

ಅಪಾಯ ಅಲ್ಲಿ ಕಡಿಮೆ ಅಂತಲಾ? ಬೋಫೋರ್ಸ್ ಜೊತೆ ಬಂದ ತಾಂತ್ರಿಕ ಕಾಗದಗಳನ್ನು ಇಟ್ಟುಕೊಂಡು ನಮ್ಮವರೇ ಮಾಡಿದ ತೋಪು ಧನುಷ್. ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ತಯಾರಾಗುತ್ತದೆ. 2017ರ ಜುಲೈನಲ್ಲಿ ಸಿಬಿಐ ಒಂದು ಕೇಸ್ ದಾಖಲಿಸಿತು. ಧನುಷ್‌ಗೆ ಕೊಟ್ಟ ಬೇರಿಂಗ್‌ಗಳು ಚೀನಾದಲ್ಲಿ ತಯಾರಾದವು, ಮೇಲೆ ಮಾತ್ರ "ಮೇಡ್ ಇನ್ ಜರ್ಮನಿ" ಅಂತ ಹೊಡೆದಿತ್ತು ಅನ್ನುವುದು ಆರೋಪ. ಅಪ್ಪ ಬೋಫೋರ್ಸ್‌ನ ಕಾಲದಲ್ಲಿ ಗದ್ದಲ ಎದ್ದದ್ದು ದೊಡ್ಡವರ ಕಮಿಷನ್ನಿಗೆ. ಮಗ ಧನುಷ್‌ನ ಕಾಲದಲ್ಲಿ ಕೇಸ್ ಬಿದ್ದದ್ದು ಒಂದು ಬೇರಿಂಗ್ ಮೇಲಿನ ಅಕ್ಷರಕ್ಕೆ. ನಮ್ಮ ಶೆಡ್ಡಿನಲ್ಲಿ ಕೇಳಿದ್ದೂ ಅದನ್ನೇ ಅಲ್ವಾ? ಇಲ್ಲದ್ದನ್ನು ಇದೆ ಅಂತ ಹೊಡೆಯುವುದು.

ಬಿಲ್ಲೆಯಷ್ಟು ಸ್ಟೀಲ್

ಕರೆ ಬಂದ ಎರಡು ದಿನಕ್ಕೆ ಟೆಂಪೊದಲ್ಲಿ ಬಾರ್ ಬಂತು. ಇಳಿಸಿಕೊಂಡವರು ಶೆಡ್ಡಿನ ಹಿರಿಯ ಟರ್ನರ್, ದೇಂಕಣಿಕೋಟೆ ಕಡೆಯವರು. ಹುಡುಗರೆಲ್ಲ ಅವರನ್ನು ಮಾಮ ಅಂತ ಕರೆಯುತ್ತಾರೆ. ಅವರು ಬಾರ್‌ಗಳ ಎರಡೂ ತುದಿ ಒರೆಸಿ ನೋಡಿದರು. ಹೀಟ್ ನಂಬರ್ ಇರಲಿಲ್ಲ. ಒಂದು ತುದಿಯನ್ನು ಗ್ರೈಂಡರಿನಲ್ಲಿ ಉಜ್ಜಿದ್ದು ಹೊಳೆಯುತ್ತಿತ್ತು. ಬಣ್ಣವೂ ಹೊಸದು, ಬೆರಳಿಗೆ ಸ್ವಲ್ಪ ಅಂಟುತ್ತಿತ್ತು. "ಇದಕ್ಕೆ ನೆನ್ನೆ ಬಣ್ಣ ಬಳಿದವ್ರೆ ಕಣಣ್ಣಾ" ಅಂದರು. ಇಷ್ಟಾಗುವಷ್ಟರಲ್ಲಿ ವಾಟ್ಸಾಪಿನಲ್ಲಿ ಟಿಸಿ ಬಂದಿತ್ತು. ಇಎನ್ 24, ನಿಕ್ಕಲ್ ಪ್ರಮಾಣ ಸರಿ, ಕೆಳಗೆ ಮಿಲ್ಲಿನ ಸೀಲು, ಹೀಟ್ ನಂಬರ್. ಎಲ್ಲಾ ಅಚ್ಚುಕಟ್ಟು. ಆ ಟಿಸಿ ಸುಳ್ಳಿನದೇ ಆಗಿರಬೇಕು ಅಂತೇನಿಲ್ಲ. ಬೇರೆ ಯಾವುದೋ ಬಾರಿನ ನಿಜವಾದ ಟಿಸಿ ಆಗಿರಬಹುದು.

ಮಾಲೀಕರು ಅವತ್ತು ರಾತ್ರಿ ತುಂಬಾ ಹೊತ್ತು ಲೆಕ್ಕ ಹಾಕಿದರು. ಒಪ್ಪಿದರೆ ಹಳೇ ಬಾಕಿ ಬರಬಹುದು. ಸಿಕ್ಕಿಬಿದ್ದರೆ ಪಿನ್ನಿನ ಮೇಲೆ ನಂಬರ್ ಹೊಡೆದ ಕೈ ಇವರದು. ಕಂಪನಿಯವರು "ಹೊಸೂರಿನವರು ಮೋಸ ಮಾಡಿದರು" ಅಂದರೆ ಇವರ ಕೈಯಲ್ಲಿ ಏನಿದೆ? ಫೋನ್ ಮಾತಿಗೆ ಬರಹದ ಸಾಕ್ಷಿ ಇಲ್ಲ. ಅವರ ಹೆಂಡತಿ, ಶೆಡ್ಡಿನ ಕ್ಯಾಶ್ ನೋಡುವವರು, ಒಂದೇ ಮಾತು ಹೇಳಿದರು: "ಆ ಗಾಡಿ ಕೆಳಗೆ ಮಲಗಿ ರಿಪೇರಿ ಮಾಡೋ ಹುಡುಗನ ತಲೆ ಮೇಲೆ ಬೀಳೋದು ಬೇಡ."

ಬೆಳಿಗ್ಗೆ ಒಂದು ಬಾರಿನಿಂದ ಬಿಲ್ಲೆಯಷ್ಟು ದಪ್ಪದ ತುಂಡು ಕತ್ತರಿಸಿದರು. ಅದನ್ನು ಎರಡು ಮಾಡಿ, ಒಂದನ್ನು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಸ್ಪೆಕ್ಟ್ರೊ ಟೆಸ್ಟಿಗೆ, ಅಂದರೆ ಸ್ಟೀಲಿನಲ್ಲಿ ಏನೇನು ಎಷ್ಟಿದೆ ಅಂತ ನೋಡುವ ಪರೀಕ್ಷೆಗೆ, ಕಳಿಸಿದರು. ರಿಪೋರ್ಟಿನಲ್ಲಿ ನಿಕ್ಕಲ್ ಇಲ್ಲವೆನ್ನುವಷ್ಟು ಕಡಿಮೆ ಬಂತು. ಆಮೇಲೆ ನಾವಿಬ್ಬರೂ ಕೂತು ಕಂಪನಿಗೆ ಒಂದು ಇಮೇಲ್ ಬರೆದೆವು. ಜಗಳದ ಒಂದು ಪದವೂ ಅದರಲ್ಲಿ ಇರಲಿಲ್ಲ. ನೀವು ಕಳಿಸಿದ ಬಾರಿನ ಲ್ಯಾಬ್ ರಿಪೋರ್ಟ್ ಇಲ್ಲಿದೆ, ಇದು ಡ್ರಾಯಿಂಗಿಗೆ ಹೊಂದುವುದಿಲ್ಲ, ಇದನ್ನೇ ಹಾಕಬೇಕು ಅಂದರೆ ಡಿವಿಯೇಷನ್ ಪರ್ಮಿಟ್ ಕೊಡಿಸಿ, ಇಲ್ಲವಾದರೆ ಇಎನ್ 24 ಬರುವವರೆಗೆ ಸಮಯ ಕೊಡಿ, ಅಷ್ಟೇ.

ಡಿವಿಯೇಷನ್ ಪರ್ಮಿಟ್ ಬಗ್ಗೆ ಎರಡು ಮಾತು ಹೇಳಬೇಕು, ಬಹಳ ಜನಕ್ಕೆ ಇದು ಗೊತ್ತಿಲ್ಲ. ಹೇಳಿದ ಮೆಟೀರಿಯಲ್ ಸಿಗದೇ ಇರುವುದು ಅಪರಾಧ ಏನಲ್ಲ. ಬೇರೆಯದು ಹಾಕಬಹುದಾ ಅಂತ ವಿನ್ಯಾಸದ ಜವಾಬ್ದಾರಿ ಇರುವವರನ್ನು ಕೇಳಲು ದಾರಿ ಇದೆ. ಅವರು ಲೆಕ್ಕ ಹಾಕಿ, ಈ ಜಾಗಕ್ಕೆ ಪರವಾಗಿಲ್ಲ ಅಂತಲೋ ಆಗಲ್ಲ ಅಂತಲೋ ಬರೆದು ಕೊಡುತ್ತಾರೆ. ಮಾಡುವ ಮೊದಲು ಕೇಳಿದರೆ ಡಿವಿಯೇಷನ್, ಮಾಡಿದ ಮೇಲೆ ಕೇಳಿದರೆ ಕನ್ಸೆಷನ್. ಇಎನ್ 19ನ್ನೇ ಒಪ್ಪುವ ಸಾಧ್ಯತೆಯೂ ಇತ್ತು. ಆದರೆ ಕೇಳಿದರೆ ಬೆಲೆಯೂ ಇಳಿಸಬೇಕಾಗುತ್ತದೆ, ಕಾಗದ ಮೇಲಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಕಂಪನಿಯವರಿಗೆ ಲಾಭ ಇಲ್ಲ.

ಇಮೇಲಿಗೆ ಉತ್ತರ ಬರಲಿಲ್ಲ. ಫೋನ್ ಬಂತು. "ಇಷ್ಟು ದಿನ ಅನ್ನ ಕೊಟ್ಟಿದ್ದೀವಿ, ಈಗ ನಮಗೇ ಲೆಟರ್ ಬರೀತೀರಾ?" ಮರುವಾರ ಬಾರ್‌ಗಳನ್ನು ವಾಪಸ್ ತೆಗೆದುಕೊಂಡು ಹೋದರು. ಆರ್ಡರ್ ರದ್ದು. ಹಳೇ ಬಾಕಿಯ ಮಾತೇ ಇಲ್ಲ.

ದೂರು ಕೊಡುವುದು ಎಲ್ಲಿ?

ಇಲ್ಲಿ ನಾವು ನಿಜವಾಗಿ ಸುತ್ತಿದೆವು. 2018ರಲ್ಲಿ ತಿದ್ದುಪಡಿ ಆದ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ರಕ್ಷಣೆ ಇದೆ. ಆದರೆ ಆ ಡೆಬಿಟ್ ನೋಟನ್ನು ಲಂಚ ಅನ್ನುವುದಾ? ಯಾರ ಕೈಗೆ ಹೋಯಿತು ಅಂತಲೇ ಗೊತ್ತಿಲ್ಲವಲ್ಲ. ಕೇಂದ್ರ ಜಾಗೃತ ಆಯೋಗ ಇದೆ. ಅದರ ವ್ಯಾಪ್ತಿ ಕೇಂದ್ರ ಸರ್ಕಾರದ ನೌಕರರು, ಸರ್ಕಾರಿ ಉದ್ಯಮಗಳು. ಬೆಂಗಳೂರಿನ ಖಾಸಗಿ ಕಂಪನಿ ಅದರೊಳಗೆ ಬರುವುದಿಲ್ಲ. ಸಿಎಜಿ ಸರ್ಕಾರದ ಲೆಕ್ಕ ನೋಡುತ್ತದೆ, ಇವರ ಡೆಬಿಟ್ ನೋಟ್ ಅಲ್ಲಿಗೆ ಹೋಗುವುದಿಲ್ಲ. ಆರ್‌ಟಿಐ ಹಾಕಿದರೆ ಭದ್ರತೆ, ವ್ಯಾಪಾರದ ಗುಟ್ಟು ಅಂತ ಸೆಕ್ಷನ್ 8 ತೋರಿಸಿ ನಿರಾಕರಿಸುವ ಸಾಧ್ಯತೆ ಜಾಸ್ತಿ.

ಗುಟ್ಟು ಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಡ್ರಾಯಿಂಗ್ ಹೊರಗೆ ಬರಬಾರದು. ಎಷ್ಟು ವಾಹನ, ಎಲ್ಲಿವೆ ಅನ್ನುವುದೂ ಬರಬಾರದು. ಆದರೆ ಯಾವ ತಿಂಗಳ ಬಿಲ್ಲಿಗೆ ಯಾವಾಗ ದುಡ್ಡು ಕೊಟ್ಟರು ಅನ್ನುವುದರಲ್ಲಿ ಶತ್ರುವಿಗೆ ಏನು ಸಿಗುತ್ತದೆ? ಒಂದು ಲಾಟನ್ನು ಸ್ಪೆಕ್ಟ್ರೊ ಮಾಡಿ ನೋಡಿದರಾ ಇಲ್ಲವಾ ಅನ್ನುವುದರಲ್ಲಿ ಏನು ಗುಟ್ಟಿದೆ? ಭದ್ರತೆ ಅನ್ನುವ ಒಂದೇ ಹೊದಿಕೆಯಡಿ ಎರಡನ್ನೂ ಮುಚ್ಚಿದಾಗ ಲಾಭ ಆಗುವುದು ನಡುವೆ ನಿಂತವರಿಗೆ. ಆರ್‌ಟಿಐ ಕಾಯ್ದೆಯೇ ಈ ವ್ಯತ್ಯಾಸವನ್ನು ಒಪ್ಪುತ್ತದೆ. ಡಿಆರ್‌ಡಿಒ ಥರದ ಸಂಸ್ಥೆಗಳಿಗೆ ಸೆಕ್ಷನ್ 24ರಲ್ಲಿ ವಿನಾಯಿತಿ ಕೊಟ್ಟರೂ, ಭ್ರಷ್ಟಾಚಾರದ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಆ ವಿನಾಯಿತಿ ಇಲ್ಲ.

ಕೊನೆಗೆ ಎರಡು ದಾರಿ ಹಿಡಿದೆವು. ಒಂದು, ಸರ್ಕಾರಿ ಉದ್ಯಮದ ಮುಖ್ಯ ಜಾಗೃತಾಧಿಕಾರಿಗೆ ಪತ್ರ. ಇಂಥವರು ಲಂಚ ತಿಂದರು ಅಂತ ಬರೆಯಲಿಲ್ಲ. ನಮ್ಮ ಕಣ್ಣಿಗೆ ಬಿದ್ದದ್ದು ಇಷ್ಟು, ಲ್ಯಾಬ್ ರಿಪೋರ್ಟ್ ಇದು, ಈ ಹೀಟ್ ನಂಬರಿನ ಟಿಸಿ ಜೊತೆ ಪಿನ್ ಬಂದರೆ ಸ್ಪೆಕ್ಟ್ರೊ ಮಾಡಿ ನೋಡಿ ಅಂತ ಬರೆದೆವು. ಅವರು ಒಬ್ಬರನ್ನು ಕಳಿಸಿ ಮಾಲೀಕರ ಹೇಳಿಕೆ, ಉಳಿದ ಅರ್ಧ ತುಂಡು, ವಾಟ್ಸಾಪ್ ಟಿಸಿಯ ಪ್ರತಿ ತೆಗೆದುಕೊಂಡರು. ಮುಂದೆ ಬಂದ ಲಾಟ್ ಒಂದನ್ನು ತಡೆಹಿಡಿದರು ಅಂತ ಅದೇ ಕಂಪನಿಗೆ ಕೆಲಸ ಮಾಡುವ ಇನ್ನೊಬ್ಬರಿಂದ ಗೊತ್ತಾಯಿತು. ಅಂದರೆ ನಾವು ಬೇಡ ಅಂದ ಮೇಲೆ ಬೇರೆ ಯಾರೋ ಮಾಡಿಕೊಟ್ಟಿದ್ದರು. ಈ ವಿಷಯದಲ್ಲಿ ನನಗೆ ಈಗಲೂ ಬೇಜಾರಿದೆ. ಅವರೂ ನಮ್ಮ ಹಾಗೇ ಬಾಕಿಯಲ್ಲಿ ಸಿಕ್ಕಿಕೊಂಡವರೇ ಇರಬೇಕು.

ಎರಡನೆಯದು, ಬಾಕಿಗಾಗಿ ಸಣ್ಣ ಉದ್ದಿಮೆಗಳ ಬಾಕಿ ದೂರು ತೆಗೆದುಕೊಳ್ಳುವ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ. ಗಡಿಯಲ್ಲಿರುವ ನಮ್ಮಂಥವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಸಪ್ಲೈ ಮಾಡಿದವರು ಎಲ್ಲಿದ್ದಾರೋ ಅಲ್ಲಿನ, ಇಂಥ ಬಾಕಿ ತೀರ್ಮಾನಿಸುವ ಕೌನ್ಸಿಲ್ ಕೇಸ್ ನಡೆಸಬಹುದು, ಕೊಂಡವರು ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ಅತ್ತಿಬೆಲೆ ಆಚೆ ಹೋಗಿ ಕೋರ್ಟು ಅಲೆಯಬೇಕಾಗಿಲ್ಲ. ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗಬೇಕಾದರೆ ಕೊಂಡವರು ಮೊದಲು ಆ ಮೊತ್ತದ 75 ಪರ್ಸೆಂಟ್ ಕಟ್ಟಬೇಕು. ನೋಟಿಸ್ ಹೋದ ಮೇಲೆ ಕಂಪನಿಯವರು ಅಸಲನ್ನು ಎರಡು ಕಂತಿನಲ್ಲಿ ಕೊಟ್ಟರು. ಡೆಬಿಟ್ ನೋಟಿನ ದುಡ್ಡೂ ಅದರಲ್ಲಿ ವಾಪಸ್ ಬಂತು. ಅದು ಯಾವ ಇನ್‌ಸ್ಪೆಕ್ಷನ್ನಿನ ಖರ್ಚು ಅಂತ ಕೌನ್ಸಿಲ್ ಮುಂದೆ ವಿವರಿಸಲು ಅವರಿಗೆ ಇಷ್ಟ ಇದ್ದ ಹಾಗಿರಲಿಲ್ಲ. ಬಡ್ಡಿಯನ್ನು ಮಾಲೀಕರು ಬಿಟ್ಟುಕೊಟ್ಟರು. ನಾನು ಬಿಡಬೇಡಿ ಅಂದಿದ್ದೆ. ಆದರೆ ಕಂತು ಕಟ್ಟಬೇಕಾದವರು ಅವರು.

ಈ ಕೆಲಸ ಹೋದ ಮೇಲೆ ಶೆಡ್ಡಿನಲ್ಲಿ ಒಂದು ಮೆಷೀನು ಕೆಲವು ತಿಂಗಳು ನಿಂತಿತ್ತು. ಈಗ ಮತ್ತೆ ಗಾಡಿಗಳ ಬಿಡಿಭಾಗ ಓಡುತ್ತಿದೆ. ಮಾಲೀಕರು ಸರ್ಕಾರಿ ಉದ್ಯಮದಲ್ಲೇ ನೇರವಾಗಿ ವೆಂಡರ್ ನೋಂದಣಿಗೆ ಅರ್ಜಿ ಹಾಕಿದ್ದಾರೆ. ಕೇಂದ್ರ ಸರ್ಕಾರಿ ಉದ್ಯಮಗಳು ವರ್ಷದ ಖರೀದಿಯಲ್ಲಿ 25 ಪರ್ಸೆಂಟ್ ಸಣ್ಣ ಉದ್ದಿಮೆಗಳಿಂದ ಮಾಡಬೇಕು ಅನ್ನುವ ನಿಯಮ ಇದೆ. ನೇರವಾಗಿ ಸಿಕ್ಕಿದರೆ ನಡುವಿನವರೇ ಇರುವುದಿಲ್ಲ.

ಇದಕ್ಕೆ ದೊಡ್ಡ ಕಾನೂನೇನೂ ಬೇಕಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗನ್ನಿನ ಹಾಗೆ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಇದೆ. ಪಿನ್ನಿನ ಮೇಲಿಟ್ಟು ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ನಿಕ್ಕಲ್ ಎಷ್ಟಿದೆ ಅಂತ ಹೇಳುತ್ತದೆ. ಪಿನ್ನಿಗೆ ಗಾಯ ಕೂಡ ಆಗುವುದಿಲ್ಲ. ಲಾಟ್ ಬಂದಾಗ ಹಾರ್ಡ್‌ನೆಸ್ ಜೊತೆ ಇದನ್ನೂ ಕಡ್ಡಾಯ ಮಾಡಿದ್ದರೆ ಆ ಫೋನ್ ಕರೆಯೇ ಬರುತ್ತಿರಲಿಲ್ಲ. ಆರ್ಡರ್ ಗೆದ್ದ ಕಂಪನಿ ತನ್ನ ಕೆಳಗೆ ಯಾರಿಗೆ ಕೆಲಸ ಕೊಟ್ಟಿದೆ ಅಂತ ಸರ್ಕಾರಿ ಉದ್ಯಮಕ್ಕೆ ಪಟ್ಟಿ ಕೊಡಬೇಕು. ಅವರಿಗೆ ದುಡ್ಡು ಮುಟ್ಟಿದೆ ಅಂತ ರಸೀದಿ ತೋರಿಸಿದ ಮೇಲೆಯೇ ಮುಂದಿನ ಬಿಲ್ಲು ಪಾಸಾಗಬೇಕು. ಬಿಲ್ಲಿನ ದುಡ್ಡು ಬೇಗ ಸಿಗಲಿ ಅಂತ ಮಾಡಿದ ಟ್ರೆಡ್ಸ್ ವೇದಿಕೆಗೆ ಸೇರುವುದು ಈಗ 250 ಕೋಟಿಗೂ ಜಾಸ್ತಿ ವಹಿವಾಟಿನ ಕಂಪನಿಗಳಿಗೆ ಕಡ್ಡಾಯ. ನಮ್ಮ ಪ್ರಕರಣದಂಥ ನಡುವಿನ ಕಂಪನಿ ಅದಕ್ಕಿಂತ ಚಿಕ್ಕದು, ತಪ್ಪಿಸಿಕೊಳ್ಳುತ್ತದೆ. ರಕ್ಷಣಾ ಆರ್ಡರ್ ಇರುವವರಿಗೆ ವಹಿವಾಟು ಎಷ್ಟೇ ಇರಲಿ, ಅದನ್ನು ಕಡ್ಡಾಯ ಮಾಡಬೇಕು.

ಹೊಸೂರಿನಲ್ಲಿ ಆಗಲಿ, ಎಚ್‌ಎಎಲ್ ಘಟಕ ಇರುವ ಕಾಸರಗೋಡಿನ ಸೀತಾಂಗೋಳಿ ಕಡೆ ಆಗಲಿ, ಇಂಥ ಕೆಲಸ ಮಾಡುವ ಕನ್ನಡದವರು ಇದನ್ನು ಓದುತ್ತಿದ್ದರೆ ನಾಲ್ಕು ಮಾತು. ಫೋನಿನಲ್ಲಿ ಬಂದ ಸೂಚನೆಗೆ ಅವತ್ತೇ ಇಮೇಲಿನಲ್ಲಿ ಉತ್ತರ ಬರೆಯಿರಿ, ಡಿವಿಯೇಷನ್ ಪರ್ಮಿಟ್ ಕೇಳಿ. ಅರ್ಥವಾಗದ ಡೆಬಿಟ್ ನೋಟನ್ನು ಒಪ್ಪಬೇಡಿ. ಸರ್ಕಾರಿ ಅಧಿಕಾರಿಯದೇ ಕೈವಾಡ ಇದೆ ಅಂತ ಗೊತ್ತಿದ್ದು, ನಿಮ್ಮ ಹೆಸರು ಹೊರಗೆ ಬರಬಾರದು ಅಂತಿದ್ದರೆ ಕೇಂದ್ರ ಜಾಗೃತ ಆಯೋಗಕ್ಕೆ, ದೂರು ಕೊಟ್ಟವರ ಹೆಸರು ಗುಟ್ಟಾಗಿಡುವ ಪಿಐಡಿಪಿಐ ವ್ಯವಸ್ಥೆಯ ಅಡಿ ದೂರು ಕಳಿಸಬಹುದು. ಮುಚ್ಚಿದ ಲಕೋಟೆಯ ಮೇಲೆ ಪಿಐಡಿಪಿಐ ಅಂತ ಬರೆಯಬೇಕು. ಹೊರಗೆ ನಿಮ್ಮ ಹೆಸರು ಬೇಡ, ಒಳಗಿನ ಪತ್ರದಲ್ಲಿ ಇರಲೇಬೇಕು, ಅನಾಮಧೇಯ ದೂರನ್ನು ಅವರು ತೆಗೆದುಕೊಳ್ಳುವುದಿಲ್ಲ. ಲ್ಯಾಬಿಗೆ ಕೊಡುವಾಗ ತುಂಡನ್ನು ಪೂರ್ತಿ ಕೊಡಬೇಡಿ. ಅರ್ಧ ನಿಮ್ಮ ಹತ್ತಿರ ಇರಲಿ, ಮೇಲೆ ತಾರೀಕು ಹೊಡೆದು.